ಓರೆ ಉರಿ

ಹ್ಯಾಂಬರ್ಗಿನ ವ್ಯಾಪಾರಿ ಎಂಟು ಪೆಟ್ಟಿಗೆ ಚುಟ್ಟಾ ವಾಪಸು ಕಳಿಸಿದ್ದ. ಜೂನ್ ತಿಂಗಳು, ಎಸ್ತೆಲಿ ಊರಿನಲ್ಲಿ ಮಳೆ ಹಿಡಿದು ಎರಡು ವಾರವಾಗಿತ್ತು. ಕಾರ್ಖಾನೆಯ ಯಜಮಾನ ದೋನ್ ಎವೇಲಿಯೊ ಪೆಟ್ಟಿಗೆಗಳನ್ನು ತಮ್ಮ ಮೇಜಿನ ಮೇಲೆ ಸಾಲಾಗಿ ಇಡಿಸಿ, ನಿಕೊಲಾಸಾ ರುಗಾಮಾಳನ್ನು ಕರೆಸಿದರು.

ಐವತ್ಮೂರರ ನಿಕೊಲಾಸಾ ಹೊಗೆಸೊಪ್ಪಿನ ನಡುವೆಯೇ ಮೂವತ್ತೈದು ವರ್ಷ ಕಳೆದವಳು. ಈ ಕಾರ್ಖಾನೆಯಲ್ಲಿ ಹೊರಗೆ ಹೋಗುವ ಪ್ರತಿಯೊಂದು ಸರಕಿಗೂ ಅವಳೇ ಜವಾಬ್ದಾರಿ. ದಿನಾ ಬೆಳಿಗ್ಗೆ ಜೋಳದ ರೊಟ್ಟಿ, ಹಸಿ ಗಿಣ್ಣು ತಿಂದು ಬಂದು, ಹಿಂದಿನ ದಿನದ ಸರಕಿನಿಂದ ಮೂರು ಚುಟ್ಟಾ ಆರಿಸಿ ಸೇದುತ್ತಿದ್ದಳು. ಅದು ಅವಳ ಕೆಲಸ, ಚಟವಲ್ಲ. ಭಾನುವಾರ ಅವಳು ಬೆಂಕಿಕಡ್ಡಿಯನ್ನೂ ಮುಟ್ಟುತ್ತಿರಲಿಲ್ಲ.

"ನೂರರಲ್ಲಿ ನಲವತ್ತು ಒಂದೇ ಪಕ್ಕ ಉರೀತಾವಂತೆ," ಅಂದರು ದೋನ್ ಎವೇಲಿಯೊ, ಕಾಗದದಿಂದ ಕಣ್ಣೆತ್ತದೆ. "ಇನ್ನೊಂದು ಪಕ್ಕ ಹಸಿ ಸೌದೆ ಥರ ಹಾಗೇ ನಿಲ್ಲುತ್ತಂತೆ. ಅರ್ಧಕ್ಕೆ ಬಂದ್ಮೇಲೆ ಕೆನ್ನೆ ಒಳಗೆ ಹೋಗೋ ಹಾಗೆ ಎಳೆದ್ರೂ ಹೊಗೆ ಬರಲ್ವಂತೆ. ಗಿರಾಕಿಗಳು ಕತ್ತರಿಸಿ ಕತ್ತರಿಸಿ ಮತ್ತೆ ಹಚ್ಚಿ, ಕೊನೆಗೆ ಬಿಸಾಕ್ತಾರಂತೆ."

"ಯಾವ ಅಳತೆಯವು?"

"ದಪ್ಪದವು. ಎಲ್ಲಾ ಹೊಸ ಬೆಳೆ ಎಲೇದು."

ನಿಕೊಲಾಸಾ ಒಂದು ಚುಟ್ಟಾ ಎತ್ತಿ ಉದ್ದಕ್ಕೂ ಬೆರಳಲ್ಲಿ ಒತ್ತಿ ನೋಡಿದಳು. ಗಟ್ಟಿ ಗಂಟು ಎಲ್ಲೂ ಕೈಗೆ ಹತ್ತಲಿಲ್ಲ. ಹೊದಿಕೆಯ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಅಲ್ಲೇ ತುದಿ ಕತ್ತರಿಸಿ ಹಚ್ಚಿದಳು. ಎರಡು ಬೆರಳಿನಷ್ಟು ಉರಿಯುವ ಹೊತ್ತಿಗೆ ಕೆಂಡ ಒಂದು ಬದಿಗೆ ಇಳಿದು, ಇನ್ನೊಂದು ಬದಿಯ ಎಲೆ ಕಪ್ಪು ತುಟಿಯ ಹಾಗೆ ಹೊರಗೆ ಚಾಚಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು.

"ಶೀತ ಇರ್ಬಹುದು. ಹಡಗಲ್ಲಿ ಏನಾಯ್ತೋ ಯಾರಿಗೆ ಗೊತ್ತು. ಎರಡು ವಾರ ಕೊಡಿ," ಅಂದಳು.

ಎರಡು ಪೆಟ್ಟಿಗೆಯನ್ನು ದೇವದಾರು ಹಲಗೆಯ ಕೋಣೆಯಲ್ಲಿಟ್ಟು, ತೇವ ಅಳೆಯುವ ಮುಳ್ಳನ್ನು ದಿನಕ್ಕೆ ಮೂರು ಸಲ ನೋಡಿದಳು. ಎಲೆಯ ಶೀತ ಆರಿದ ಮೇಲೆ ಹತ್ತು ಸೇದಿದಳು. ನಾಲ್ಕು ಓರೆ ಉರಿದವು. ಶೀತದ ಅನುಮಾನ ಅಲ್ಲಿಗೆ ಹೋಯಿತು. ಹೊದಿಕೆಯ ಎಲೆಯಲ್ಲಿ ದಪ್ಪ ನಾರಿದೆಯೇನೋ ಎಂದು ಹೊದಿಕೆ ಬಿಚ್ಚಿ ಬೇರೆ ಎಲೆ ಸುತ್ತಿಸಿದಳು. ಆಗಲೂ ಅದೇ ಕಥೆ. ಗಾಳಿ ಎಳೆದು ದಮ್ಮು ಅಳೆಯುವ ಯಂತ್ರಕ್ಕೆ ಒಂದೊಂದನ್ನೇ ಕೊಟ್ಟಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಯಂತ್ರದ ಪ್ರಕಾರ ಈ ಚುಟ್ಟಾಗಳಿಗೆ ಯಾವ ರೋಗವೂ ಇರಲಿಲ್ಲ.

ಉಳಿದದ್ದು ಹೂರಣ. ಚುಟ್ಟಾದ ಒಳಗೆ ಮೂರು ಬಗೆಯ ಎಲೆ ಇರುತ್ತದೆ. ಗಿಡದ ನೆತ್ತಿಯಲ್ಲಿ ಬಿಸಿಲು ಕುಡಿದು ಬಲಿತ ಎಲೆ ಎಲ್ಲಕ್ಕಿಂತ ಖಾರ, ಎಲ್ಲಕ್ಕಿಂತ ನಿಧಾನ ಉರಿಯುವುದು. ಅದು ನಟ್ಟನಡುವೆ ಇರಬೇಕು. ಬದಿಗೆ ಸರಿದರೆ ಆ ಬದಿ ಬೆಂಕಿ ಹಿಡಿಯದೆ ಹಠ ಮಾಡುತ್ತದೆ. ಆ ವರ್ಷ ಹಲಾಪ ಕಣಿವೆಯಿಂದ ಬಂದ ನೆತ್ತಿ ಎಲೆ ಚಪ್ಪಲಿ ಹೊಲಿಯಬಹುದು ಅನ್ನುವಷ್ಟು ದಪ್ಪವಾಗಿತ್ತು.

"ಅಂದ್ರೆ ಎಲೇದೇ ತಪ್ಪು," ಅಂದರು ದೋನ್ ಎವೇಲಿಯೊ. ಅವರಿಗೆ ಸಮಾಧಾನವಾದ ಹಾಗಿತ್ತು. ಎಲೆಯ ಮೇಲೆ ತಪ್ಪು ಹೊರಿಸಿದರೆ ಯಾರೊಡನೆಯೂ ನಿಷ್ಠುರವಿಲ್ಲ.

ನಿಕೊಲಾಸಾಳಿಗೆ ಅಷ್ಟು ಸಾಕಾಗಲಿಲ್ಲ. ಅದೇ ಮೂಟೆಯ ಎಲೆ ತರಿಸಿ, ತಾನೇ ಕೂತು ಹತ್ತು ಕಟ್ಟಿದಳು. ಅಚ್ಚಿನಲ್ಲಿ ಒತ್ತಿಸಿ, ಹೊದಿಸಿ, ಆರಿಸಿ, ಹತ್ತನ್ನೂ ಸೇದಿದಳು. ಹತ್ತೂ ಕೊನೆತನಕ ಉಂಗುರದ ಹಾಗೆ ಸಮನಾಗಿ ಉರಿದವು. ಹಾಗಾದರೆ ಎಲೆಯೊಂದನ್ನೇ ದೂರುವಂತಿರಲಿಲ್ಲ. ಕೈಯಲ್ಲೂ ಏನೋ ಇತ್ತು. ಯಾರ ಕೈ ಎಂದು ಅವಳಿಗೆ ಆಗಲೇ ಒಂದು ಊಹೆ ಇತ್ತು. ಅದು ಅಬೆಲೀನೊ ಸೆಲೆದೋನನ ಕಡೆಯವರ ಕೈ.

ಆ ಕಾರ್ಖಾನೆಯಲ್ಲಿ ಎರಡು ಹಜಾರ. ಹದಿನೈದು ವರ್ಷದ ಹಿಂದೆ ಹೊಸಬರನ್ನು ತುಂಬಿಕೊಂಡಾಗ ದೋನ್ ಎವೇಲಿಯೊ ಅರ್ಧ ಜನರನ್ನು ನಿಕೊಲಾಸಾಳಿಗೂ ಅರ್ಧ ಜನರನ್ನು ಅಬೆಲೀನೊಗೂ ಕಲಿಸಲು ಒಪ್ಪಿಸಿದ್ದರು. ಅಬೆಲೀನೊ ಒಂದೊಂದು ಎಲೆಯನ್ನೂ ಕೊಳವೆಯ ಹಾಗೆ ಸುರುಳಿ ಮಾಡಿ ಜೋಡಿಸುವವನು. ನಿಕೊಲಾಸಾ ಎಲೆಗಳನ್ನು ನೆರಿಗೆ ಹಿಡಿದು ಕಟ್ಟುವವಳು. ಅವನು ಒಂದು ಕಟ್ಟುವ ಹೊತ್ತಿಗೆ ಇವಳ ಕಡೆಯವರು ಎರಡು ಕಟ್ಟುತ್ತಿದ್ದರು. "ನೆರಿಗೆ ಹಿಡಿಯೋರು ದರ್ಜಿ ಅಂಗಡೀಲಿ ಕೂತ್ಕೋಬೇಕು," ಎಂದು ಅವನು ಎಲ್ಲರೆದುರಿಗೆ ಅಂದಿದ್ದ. "ಅವನು ಕಟ್ಟಿ ಮುಗಿಸೋದ್ರೊಳಗೆ ಸೇದೋನಿಗೆ ಮೊಮ್ಮಕ್ಕಳಾಗ್ತಾರೆ," ಎಂದು ಇವಳೂ ಅಂದಿದ್ದಳು. ಅಲ್ಲಿಂದಾಚೆ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬರೀ ಕುಟುಕು.

ಪೆಟ್ಟಿಗೆಗೆ ಹೋದ ಮೇಲೆ ಯಾವ ಚುಟ್ಟಾ ಯಾರದೆಂದು ಹೊರಗಿನಿಂದ ತಿಳಿಯುವುದಿಲ್ಲ. ಸೀಳಬೇಕು. ನಿಕೊಲಾಸಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ವ್ಯಾಪಾರಿ ಸಾಕ್ಷಿಗೆಂದು ಪೆಟ್ಟಿಗೆಗಳ ಜತೆ ಕಳಿಸಿದ್ದ, ಓರೆ ಉರಿದು ಅರ್ಧಕ್ಕೆ ಸತ್ತ ನಲವತ್ತೆರಡು ಚುಟ್ಟಾಗಳನ್ನು ಒಂದೊಂದಾಗಿ ಉದ್ದಕ್ಕೆ ಸೀಳಿದಳು. ಕೊಳವೆ ಕಂಡರೆ ಅಬೆಲೀನೊನ ಕಡೆಯದು, ನೆರಿಗೆ ಕಂಡರೆ ತನ್ನದು.

ಮೊದಲನೆಯದು ನೆರಿಗೆ. ಎರಡನೆಯದೂ ನೆರಿಗೆ. ಇಪ್ಪತ್ತು ಸೀಳಿದ ಮೇಲೆ ಅವಳು ಎದ್ದು ನೀರು ಕುಡಿದು ಬಂದಳು. ನಲವತ್ತೆರಡರಲ್ಲಿ ಒಂದರಲ್ಲೂ ಕೊಳವೆ ಇರಲಿಲ್ಲ. ಒಂದಾದರೂ ಸಿಕ್ಕೀತೆಂದು, ತಾನೇ ಹಚ್ಚಿ ನೋಡಿದಾಗ ಓರೆ ಉರಿದ ಇನ್ನೂ ಎಂಟನ್ನು ಸೀಳಿದಳು. ಎಲ್ಲದರಲ್ಲೂ ನೆತ್ತಿ ಎಲೆ ಬಲಗಡೆಗೆ ಸರಿದು ಒತ್ತಾಗಿ ಕೂತಿತ್ತು, ಎಡಗಡೆ ಸಡಿಲ. ಯಂತ್ರ ಯಾಕೆ ಮೋಸಹೋಯಿತೆಂದು ಆಗ ತಿಳಿಯಿತು. ಒಂದು ಬದಿ ಬಿಗಿ, ಒಂದು ಬದಿ ಸಡಿಲ ಇದ್ದರೆ ಒಟ್ಟು ಗಾಳಿ ಸರಿಯಾಗಿಯೇ ಹೋಗುತ್ತದೆ. ಸಡಿಲಿನ ಬದಿ ಬೇಗ ಉರಿದು ಮುಗಿದ ಮೇಲೆ ಬಿಗಿಯ ಬದಿಯಷ್ಟೇ ಉಳಿಯುತ್ತದೆ. ಆಗ ದಮ್ಮು ಕಟ್ಟುತ್ತದೆ.

ಅವಳು ಸೀಳಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಮಾರನೆಯ ದಿನ ಬೆಳಿಗ್ಗೆಯೇ ತನ್ನ ಹಜಾರಕ್ಕೆ ಹೋಗಿ ಯೊರ್ಲೇನಿ ಪಿನೇದಾಳ ಪಕ್ಕ ನಿಂತಳು. ಇಪ್ಪತ್ತೆಂಟರ ಯೊರ್ಲೇನಿ ಅವಳ ಶಿಷ್ಯರಲ್ಲೆಲ್ಲ ಚುರುಕಿನವಳು. ಬಾಯಿಯೂ ಅಷ್ಟೇ ಚುರುಕು.

"ನೆತ್ತಿ ಎಲೆ ನಡುಮಧ್ಯೆ ಇಡು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

"ನಡುಮಧ್ಯೇನೇ ಇಡ್ತಿದೀನಿ, ದೋನ್ಯಾ ನಿಕೊ."

"ಎಲ್ಲಿ, ಇಡು ನೋಡೋಣ."

ಯೊರ್ಲೇನಿ ಎಲೆ ಬಿಡಿಸಿ ನೆರಿಗೆ ಹಿಡಿದು, ದಪ್ಪ ಎಲೆಯನ್ನು ನಟ್ಟನಡುವೆ ಇಟ್ಟು, ಹೂರಣವನ್ನು ಹಿಡಿದಿಡುವ, ಕಟ್ಟುವ ಎಲೆಯ ಮೇಲೆ ಕೂರಿಸಿ ಸುತ್ತಿದಳು. ಎಲ್ಲಿಯೂ ತಪ್ಪು ಕಾಣಲಿಲ್ಲ. ನಿಕೊಲಾಸಾ ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡು ಸೀಳಿದಳು. ನೆತ್ತಿ ಎಲೆ ಬಲಗಡೆಗೆ ಹೋಗಿತ್ತು.

"ಇಡೋವಾಗ ನಡುವೆ ಇತ್ತು ತಾನೆ? ನೀವೂ ನೋಡಿದ್ರಲ್ಲ," ಅಂದಳು ಯೊರ್ಲೇನಿ. ಅವಳ ಮುಖ ಕೆಂಪಾಗಿತ್ತು.

"ಎಲೆಗೆ ಕಾಲು ಬಂತಾ ಹಾಗಾದ್ರೆ?"

"ನಂಗೇನ್ ಗೊತ್ತು? ನೀವ್ ಹೇಳ್ಕೊಟ್ಟ ಹಾಗೇ ಮಾಡಿದೀನಿ. ಒಂದು ಕೂದಲೆಳೆ ಆಚೀಚೆ ಮಾಡಿಲ್ಲ. ಬೇಕಿದ್ರೆ ನೀವೇ ಮಾಡಿ, ಪಕ್ಕದಲ್ಲಿ ಕೂತು ನಾನೂ ಮಾಡ್ತೀನಿ."

ಇಬ್ಬರೂ ಅಕ್ಕಪಕ್ಕ ಕೂತು ಮಾಡಿದರು. ನಿಕೊಲಾಸಾಳದ್ದು ಸೀಳಿದರೆ ಎಲೆ ನಡುವೆ, ಯೊರ್ಲೇನಿಯದ್ದು ಸೀಳಿದರೆ ಬಲಕ್ಕೆ. ಮತ್ತೊಮ್ಮೆ ಮಾಡಿದಾಗಲೂ ಹಾಗೇ ಆಯಿತು. ಹಜಾರದಲ್ಲಿ ಇನ್ನೂ ನಾಲ್ಕು ಮೇಜುಗಳಲ್ಲಿ ಕಟ್ಟಿಸಿ ನೋಡಿದಳು. ಎಲ್ಲರದ್ದೂ ಬಲಕ್ಕೆ. ಹಿಂದಿನ ವರ್ಷಗಳಲ್ಲೂ ಹೀಗೇ ಸರಿಯುತ್ತಿತ್ತೇನೋ. ಆಗಿನ ಎಲೆ ತೆಳು, ಹೇಗಿದ್ದರೂ ಉರಿದುಬಿಡುತ್ತಿತ್ತು. ಎಲೆ ದಪ್ಪವಾದ ಮೇಲಷ್ಟೇ ಇದು ಬಯಲಿಗೆ ಬಂದಿರಬೇಕು. ಆದರೆ ಯಾಕೆ ಸರಿಯುತ್ತಿದೆ ಎಂಬುದು ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ. ಎರಡು ದಿನ ಮೇಜಿನಿಂದ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತಳು. ಎಲ್ಲರ ಕೈಯೂ ಅವಳಿಗೆ ತನ್ನ ಕೈಯ ಹಾಗೆಯೇ ಕಾಣುತ್ತಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಅವಳು ಅಂಗಳ ದಾಟಿ ಆಚೆ ಹಜಾರಕ್ಕೆ ಹೋದಳು. ಅಬೆಲೀನೊ ಬಾಳೆ ಎಲೆಯ ಪೊಟ್ಟಣ ಬಿಚ್ಚಿ ಕಡುಬು ತಿನ್ನುತ್ತಿದ್ದ. ಅರವತ್ತು ದಾಟಿದ ಒಣಕಲು ಮನುಷ್ಯ. ಒಳಗೂ ಹೊರಗೂ ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆಯುತ್ತಿರಲಿಲ್ಲ.

"ಏನು, ದಾರಿ ತಪ್ಪಿ ಬಂದ್ಯಾ?" ಅಂದ.

"ಇಲ್ಲ. ನೋಡ್ಕೊಂಡೇ ಬಂದೆ. ಒಂದು ಸಹಾಯ ಆಗ್ಬೇಕಿತ್ತು."

ಅವನು ಕುಟುಕಲು ಬಾಯಿ ತೆರೆದವನು, ಅವಳ ಮುಖ ನೋಡಿ ಪಕ್ಕದ ಸ್ಟೂಲನ್ನು ಅವಳ ಕಡೆ ತಳ್ಳಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಐವತ್ತು ಸೀಳಿದ್ದು, ಅವನ ಕಡೆಯದು ಒಂದೂ ಸಿಗದೇ ಇದ್ದದ್ದು ಎಲ್ಲ. ಅವನು ಪೊಟ್ಟಣ ಮಡಚಿಟ್ಟು ಕೈ ತೊಳೆದು ಎದ್ದ.

ನಿಕೊಲಾಸಾಳ ಹಜಾರಕ್ಕೆ ಬಂದು, ಅವಳನ್ನೂ ಯೊರ್ಲೇನಿಯನ್ನೂ ಒಂದೇ ಮೇಜಿಗೆ ಕೂರಿಸಿ, "ನಿಧಾನಕ್ಕೆ ಮಾಡಿ. ಸತ್ತವರ ಹಾಗೆ ನಿಧಾನಕ್ಕೆ," ಅಂದ. ಇಬ್ಬರೂ ನೆರಿಗೆ ಹಿಡಿದರು. ಕಟ್ಟುವ ಎಲೆಯ ಮೇಲೆ ಕೂರಿಸುವಾಗ ಇಬ್ಬರ ಮಣಿಕಟ್ಟೂ ಒಂದೇ ಥರ ಬಲಕ್ಕೆ ಚಿಮ್ಮಿತು, ಹಿಟ್ಟು ಅಂಟಿದ ಕೈ ಕೊಡವಿದ ಹಾಗೆ. ಆಮೇಲೆ ಸುತ್ತು.

"ನಿಲ್ಲಿ," ಅಂದ ಅಬೆಲೀನೊ. "ಯೊರ್ಲೇನಿ, ಅದ್ಯಾಕೆ ಹಾಗೆ ಚಿಮ್ತೀಯ?"

"ಹಾಗೇ ಮಾಡೋದಲ್ವಾ? ದೋನ್ಯಾ ನಿಕೊ ಕೈ ಅಂದ್ರೆ ಅದೇ."

"ನಿಕೊ, ನಿನ್ನ ಬಲಗೈ ಹೆಬ್ಬೆರಳು ಬಗ್ಗಿಸು."

"ಬಗ್ಗಲ್ಲ ಅಂತ ನಿಂಗೊತ್ತು."

"ನಂಗೊತ್ತು. ಇವರಿಗ್ ಗೊತ್ತಾ?"

ಯೊರ್ಲೇನಿ ಗುರುವಿನ ಕೈಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. "ಬಗ್ಗಲ್ವಾ?" ಅಂದಳು.

ನಿಕೊಲಾಸಾಳಿಗೆ ಹತ್ತೊಂಬತ್ತಾಗಿದ್ದಾಗ, ಬೇರೊಂದು ಕಾರ್ಖಾನೆಯಲ್ಲಿ, ಎಲೆ ಕೊಯ್ಯುವ ಬಾಗಿದ ಅಲಗು ಜಾರಿ ಹೆಬ್ಬೆರಳಿನ ಬುಡದ ನರ ಕತ್ತರಿಸಿತ್ತು. ಆರೋಗ್ಯ ಕೇಂದ್ರದ ದಾದಿ ಚರ್ಮ ಹೊಲಿದಳು; ನರ ಕೂಡಲಿಲ್ಲ. ಆಗ ಅವಳನ್ನು ಹೊತ್ತುಕೊಂಡು ಹೋದವರಲ್ಲಿ ಅಬೆಲೀನೊ ಒಬ್ಬ. ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲಿ ಆರು ತಿಂಗಳು ಮನೆಯಲ್ಲಿ ಒಣ ಎಲೆ ಇಟ್ಟುಕೊಂಡು ಅಭ್ಯಾಸ ಮಾಡಿದಳು. ಹೆಬ್ಬೆರಳಿಂದ ಒತ್ತಲಾಗದ್ದಕ್ಕೆ ಮಣಿಕಟ್ಟು ಚಿಮ್ಮಿ, ಅಂಗೈಯ ಅಂಚಿನಿಂದ ಹೂರಣವನ್ನು ಕೂರಿಸುವುದನ್ನು ಕಂಡುಕೊಂಡಳು. ಹೆಬ್ಬೆರಳು ಒತ್ತದ ಕೈಗೆ ಆ ಚಿಮ್ಮು ಸರಿಹೋಗುತ್ತಿತ್ತು. ಮರಳಿ ಕೆಲಸಕ್ಕೆ ಬಂದಾಗ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ವರ್ಷ ಕಳೆದ ಹಾಗೆ ಅವಳಿಗೂ ಅದೊಂದು ಉಪಾಯ ಎಂಬುದು ಮರೆತುಹೋಯಿತು. ಅದು ಅವಳ ಕೈಯ ನಡಿಗೆಯೇ ಆಗಿಹೋಗಿತ್ತು.

ಶಿಷ್ಯರು ಚಿಮ್ಮನ್ನೂ ಕಲಿತರು. ಅವರ ಹೆಬ್ಬೆರಳು ಚೆನ್ನಾಗಿತ್ತು. ಚಿಮ್ಮಿನ ಜತೆ ಅದೂ ಒತ್ತುತ್ತಿತ್ತು. ಎರಡೂ ಸೇರಿ ದಪ್ಪ ಎಲೆಯನ್ನು ಬಲಕ್ಕೆ ನೂಕುತ್ತಿದ್ದವು.

ಹಜಾರದಲ್ಲಿ ಹತ್ತಿರದ ಮೇಜಿನವರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು. ನಿಕೊಲಾಸಾ ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಎದ್ದು ಹೊರಗೆ ಅಂಗಳಕ್ಕೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಬೆಲೀನೊ ಬಂದು ಸೂರಿನ ಕೆಳಗೆ ನಿಂತ.

"ಎಷ್ಟು ವರ್ಷದಿಂದ ಗೊತ್ತಿತ್ತು ನಿಂಗೆ?" ಅಂದಳು ನಿಕೊಲಾಸಾ.

"ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ. ನಿನ್ನ ಹುಡುಗ್ರೆಲ್ಲ ನಿನ್ನ ಹಾಗೆ ಕೈ ಕೊಡವೋದು ಗೊತ್ತಿತ್ತು. ಮೊದಲ ವರ್ಷದಿಂದ್ಲೂ ನೋಡಿದೀನಿ."

"ಹೇಳ್ಬೇಕಿತ್ತು."

"ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ."

ಅವಳು ಯೋಚನೆ ಮಾಡಿದಳು. "ಅಂತಿದ್ದೆ," ಅಂದಳು.

ಯಾವ ಕಾರ್ಖಾನೆಗೆ ಹೋಗಿ ಕೂತರೂ ಅವಳ ಶಿಷ್ಯರನ್ನು ನೋಡಿದ ತಕ್ಷಣ "ಇದು ನಿಕೊ ಕೈ" ಎಂದು ಊರಿನವರು ಗುರುತು ಹಿಡಿಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು. ಗಂಡ ಬಿಟ್ಟುಹೋಗಿ, ಮಕ್ಕಳಿಲ್ಲದ ಅವಳಿಗೆ ಅಷ್ಟರಮಟ್ಟಿಗೆ ಅದು ವಂಶವೂ ಆಗಿತ್ತು. ಜನ ಗುರುತು ಹಿಡಿಯುತ್ತಿದ್ದದ್ದು ಅವಳ ಗಾಯವನ್ನು ಎಂಬುದು ಈಗ ತಿಳಿದಂತಾಯಿತು. ಅವಳು ಅಳಲಿಲ್ಲ. ಮಳೆ ಕಡಿಮೆಯಾಗುವ ತನಕ ನಿಂತು, ನೇರ ದೋನ್ ಎವೇಲಿಯೊ ಬಳಿ ಹೋದಳು.

ಅವರು ಪೂರ್ತಿ ಕೇಳಿದರು. "ವ್ಯಾಪಾರಿಗೆ ಎಲೆ ಸರಿಯಿಲ್ಲ ಅಂತಾನೇ ಬರೀತೀನಿ, ಬಿಡು. ನಿನ್ನ ಮರ್ಯಾದೆ ಯಾಕೆ ಹೋಗ್ಬೇಕು."

"ಏನಾದ್ರೂ ಬರೀರಿ. ಇವರ ಕೈ ಹೀಗೇ ಇದ್ರೆ ಮುಂದಿನ ಪೆಟ್ಟಿಗೇನೂ ವಾಪಸ್ ಬರುತ್ತೆ."

"ಹಾಗಾದ್ರೆ ಎಲ್ರಿಗೂ ಅಬೆಲೀನೊ ಕೊಳವೆ ಕಲಿಸ್ಲಿ. ನೆರಿಗೆ ಬಿಟ್ಬಿಡೋಣ."

"ಕೊಳವೆ ಕಲಿಯೋಕೆ ವರ್ಷ ಬೇಕು. ಚಿಮ್ಮು ಬಿಡೋಕೆ ಆರು ವಾರ ಸಾಕು. ಆರು ವಾರ ಕೊಡಿ."

ದೋನ್ ಎವೇಲಿಯೊ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆರು ವಾರ ಕೊಟ್ಟರು. ಆ ಆರು ವಾರ ದಪ್ಪ ಎಲೆಯ ಸರಕನ್ನೆಲ್ಲ ಆಚೆ ಹಜಾರಕ್ಕೆ ಕೊಡಬೇಕೆಂದು ಹೇಳಿದರು.

ಸೋಮವಾರ ಕೆಲಸ ಶುರುವಾಗುವ ಮುಂಚೆ ನಿಕೊಲಾಸಾ ಹಜಾರದ ನಡುವೆ ನಿಂತಳು. ನಲವತ್ತನಾಲ್ಕು ಜನ, ಕಟ್ಟುವವರು ಇಪ್ಪತ್ತೆರಡು, ಹೊದಿಸುವವರು ಇಪ್ಪತ್ತೆರಡು. ಬಲಗೈ ಎತ್ತಿ ಬೆರಳುಗಳನ್ನು ಮಡಚಿದಳು. ನಾಲ್ಕು ಮಡಚಿದವು, ಹೆಬ್ಬೆರಳು ನೆಟ್ಟಗೆ ನಿಂತಿತು.

"ಇದು ಬಗ್ಗಲ್ಲ. ಅದಕ್ಕೇ ನಾನು ಹಾಗೆ ಚಿಮ್ಮೋದು. ನಿಮಗೆ ಚಿಮ್ಮೋ ಅಗತ್ಯ ಇಲ್ಲ. ಅದನ್ನ ನಿಮಗೆ ಕಲಿಸಿದ್ದು ನನ್ನ ತಪ್ಪು. ಇವತ್ತಿಂದ ಬಿಡ್ಬೇಕು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗು ನಿಲ್ಲುವ ತನಕ ಕಾದಳು. "ಹೇಗೆ ಬಿಡ್ಬೇಕು ಅಂತ ತೋರಿಸೋಕೆ ನನ್ನ ಕೈಲಾಗಲ್ಲ. ಅಬೆಲೀನೊ ತೋರಿಸ್ತಾನೆ," ಅಂದಳು.

ಅಬೆಲೀನೊಗೆ ಅದು ಸುಲಭವಾಗಿರಲಿಲ್ಲ. ಹದಿನೈದು ವರ್ಷ ಬೈದ ನೆರಿಗೆಯನ್ನು ಅವನು ಅವಳ ಶಿಷ್ಯರೆದುರೇ ಅವಳಿಂದ ಕಲಿಯಬೇಕಾಯಿತು. ಮೊದಲ ದಿನ ಅವನು ಹಿಡಿದ ನೆರಿಗೆ ನೋಡಿ ಯೊರ್ಲೇನಿ, "ದೋನ್ ಅಬೆಲೀನೊ, ಇದು ದರ್ಜೀದೂ ಅಲ್ಲ, ಗೋಣಿಚೀಲ ಹೊಲಿಯೋನದ್ದು," ಅಂದಳು. ಹಜಾರವೆಲ್ಲ ನಕ್ಕಿತು. ಅವನೂ ಟೋಪಿ ಹಿಂದಕ್ಕೆ ತಳ್ಳಿ ನಕ್ಕ.

ಅವರಿಬ್ಬರೂ ಸೇರಿ ಒಂದು ದಾರಿ ಮಾಡಿದರು. ನೆರಿಗೆ ಹಿಡಿದ ಮೇಲೆ ಹೂರಣವನ್ನು ಅಂಗೈಯಲ್ಲಿ ಅರ್ಧ ಸುತ್ತು ತಿರುಗಿಸಿ, ತುದಿಯನ್ನು ಒಮ್ಮೆ ಕಣ್ಣಿಗೆ ಹಿಡಿದು ನೋಡಿ, ಆಮೇಲೆ ಕಟ್ಟುವ ಎಲೆಯ ಮೇಲೆ ಇಡುವುದು. ತಿರುಗಿಸುವ ಕೈಗೆ ಚಿಮ್ಮಲು ಪುರಸೊತ್ತು ಸಿಗುತ್ತಿರಲಿಲ್ಲ. ಕೆಲಸ ನಿಧಾನವಾಯಿತು. ಗೊಣಗಾಟ ಎದ್ದಿತು. ಒಂದು ವಾರ ಸರಿ ಹೋಗಿ, ಎರಡನೆಯ ವಾರ ಅವಸರ ಬಿದ್ದಾಗ ಎಲ್ಲರ ಮಣಿಕಟ್ಟೂ ಮತ್ತೆ ಚಿಮ್ಮಿತು. ನಿಕೊಲಾಸಾ ದಿನಕ್ಕೆ ಮೂರರ ಬದಲು ಏಳು ಸೇದಿದಳು. ನಾಲಿಗೆ ಸುಟ್ಟು ಅನ್ನ, ಕಾಳು ಯಾವುದೂ ರುಚಿಸದೆ ಬರೀ ಗಂಜಿ ಕುಡಿದಳು. ಪ್ರತಿ ಮೇಜಿನ ಹೆಸರಿನ ಮುಂದೆ ಎಷ್ಟು ನೇರ ಉರಿದವು, ಎಷ್ಟು ಓರೆ ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದಳು.

ಆರನೆಯ ವಾರಕ್ಕೆ ನೂರರಲ್ಲಿ ಐದು ಓರೆ. ಅದು ಎಲ್ಲ ಕಾರ್ಖಾನೆಯಲ್ಲೂ ಇರುವಷ್ಟೇ. ದೋನ್ ಎವೇಲಿಯೊ ಗೋಡೆಯ ಹಾಳೆ ನೋಡಿ, ದಪ್ಪ ಎಲೆಯ ಮೂಟೆಗಳನ್ನು ಆ ಹಜಾರಕ್ಕೆ ವಾಪಸು ಕಳಿಸಿದರು. ಇಪ್ಪತ್ತೆರಡರಲ್ಲಿ ಇಬ್ಬರಿಗೆ ಮಾತ್ರ ಚಿಮ್ಮು ಬಿಡಲಾಗಲಿಲ್ಲ. ಒಬ್ಬ ಎಲೆ ವಿಂಗಡಿಸುವ ಕೆಲಸಕ್ಕೆ ಹೋದ. ಇನ್ನೊಬ್ಬಾಕೆ ನಿಕೊಲಾಸಾಳಿಗಿಂತ ಮೂರೇ ವರ್ಷ ಚಿಕ್ಕವಳು. ಹೊಸ ದಾರಿ ತನಗೆ ಬೇಡ ಎಂದು ಹೇಳಿ ಕೆಲಸ ಬಿಟ್ಟು, ಮಾರುಕಟ್ಟೆಯ ಹತ್ತಿರ ತಂಗಿಯ ಜತೆ ರೊಟ್ಟಿ ತಟ್ಟಲು ಕೂತಳು. ಅವಳು ದಾರಿಯಲ್ಲಿ ಸಿಕ್ಕಾಗ ನಿಕೊಲಾಸಾಳನ್ನು ಮಾತಾಡಿಸುತ್ತಿರಲಿಲ್ಲ. ನಿಕೊಲಾಸಾ ರೊಟ್ಟಿಯನ್ನು ಮಾತ್ರ ಅವಳಲ್ಲೇ ಕೊಳ್ಳುತ್ತಿದ್ದಳು.

ಜನವರಿಯಲ್ಲಿ ಹೊಸಬರು ಎಂಟು ಜನ ಬಂದರು. ಕಲಿಸುವ ಮೇಜಿನಲ್ಲಿ ನಿಕೊಲಾಸಾ ಕೂರಲಿಲ್ಲ. ಯೊರ್ಲೇನಿಯನ್ನು ಕೂರಿಸಿ, ತಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು. ಯೊರ್ಲೇನಿ ಎಲೆ ಬಿಡಿಸಿ, ಬಾಯಿಂದ ಒಮ್ಮೆ ಉಫ್ ಎಂದು ಊದಿ, ನೆರಿಗೆ ಹಿಡಿದು ತೋರಿಸಿದಳು. ಎರಡನೆಯ ಸಲವೂ ಊದಿದಳು.

"ಅದ್ಯಾಕೆ ಊದ್ತೀಯ?" ಅಂದಳು ನಿಕೊಲಾಸಾ.

ಯೊರ್ಲೇನಿ ಕೈ ನಿಲ್ಲಿಸಿದಳು. "ಧೂಳು ಇರುತ್ತಲ್ಲ."

"ಇದೆಯಾ ಈಗ?"

"ಇಲ್ಲ. ಏನೋ... ಅಭ್ಯಾಸ."

"ನಿನ್ನ ಮೇಜಲ್ಲಿ ಎಷ್ಟು ಬೇಕಾದ್ರೂ ಊದ್ಕೋ. ಇವರ ಮುಂದೆ ಬೇಡ."

ಎಂಟು ಜನರಲ್ಲಿ ಮೂವರು ಆಗಲೇ ತಮ್ಮ ಎಲೆಯನ್ನು ಬಾಯಿಯ ಹತ್ತಿರ ತಂದಿದ್ದರು. ಯೊರ್ಲೇನಿ ಅವರನ್ನು ನೋಡಿ, ತುಟಿ ಬಿಗಿಹಿಡಿದು, ಮೊದಲಿನಿಂದ ತೋರಿಸಲು ಹೊಸ ಎಲೆ ಎತ್ತಿಕೊಂಡಳು.